ನಾಡಿ ಹಿಡಿದುಕೊಂಡ ಮೇಷ್ಟ್ರು

ಡ್ರೈವಿಂಗ್ ಸ್ಕೂಲಿನ ಆ ಹಳೇ ಬಿಳಿ ಕಾರಿನಲ್ಲಿ ಸ್ಟೀರಿಂಗ್ ಹಿಡಿದವರಿಗಿಂತ ಪಕ್ಕದ ಸೀಟಿನಲ್ಲಿ ಕೂತವರೇ ಹೆಚ್ಚು ಬೆವರುತ್ತಿದ್ದರು. ಆ ಸೀಟಿನವರಿಗೆ ಬ್ರೇಕ್ ಮೇಷ್ಟ್ರು ಅಂತ ಹೆಸರು. ಕಲಿಸುವ ಕಾರಾದ್ದರಿಂದ ಅವರ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇತ್ತು. ಕಲಿಯುವವರ ಕಾಲು ತಡವರಿಸುವ ಮೊದಲೇ ಇವರ ಕಾಲು ಇಳಿದು ಕಾರು ಗಕ್ಕನೆ ನಿಲ್ಲುತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಇನ್ನೊಬ್ಬರ ತಪ್ಪಿಗೆ ಕಾದು ಕೂತೂ ಕೂತೂ ಮೇಷ್ಟ್ರಿಗೆ ಸುಮ್ಮನೆ ಕೂರುವುದೇ ಮರೆತುಹೋಗಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಅವರ ಕಾಲು ಕುಣಿಯುತ್ತಲೇ ಇರುತ್ತಿತ್ತು. ತಟ್ಟೆ ನಡುಗುತ್ತೆ, ಸ್ವಲ್ಪ ನಿಲ್ಲಿಸಿ ಅಂತ ಹೆಂಡತಿ ಹೇಳಿದರೆ, ಒಂದು ಗಳಿಗೆ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದರು.

ಬೆಳಗ್ಗೆ ಬರೀ ಹೊಟ್ಟೆಗೆ ಒಂದು ಲೋಟ ಕಡು ಟೀ, ಅದರ ಹಿಂದೆ ಒಂದು ಸಿಗರೇಟು. ಒಬ್ಬರ ಪಾಠ ಮುಗಿದು ಇನ್ನೊಬ್ಬರದ್ದು ಶುರುವಾಗುವ ನಡುವೆ ಮೂಲೆ ಅಂಗಡಿಯಲ್ಲಿ ಮತ್ತೆ ಟೀ, ಮತ್ತೆ ಸಿಗರೇಟು, ಎಣ್ಣೆ ಇಳಿಯುವ ಪೇಪರಿನಲ್ಲಿ ಕರಿದ ತಿಂಡಿ. ಮಧ್ಯಾಹ್ನದ ಊಟಕ್ಕೆ ಹೊತ್ತು ಗೊತ್ತು ಇರಲಿಲ್ಲ. ಕೆಲವೊಮ್ಮೆ ಡಬ್ಬಿ ಹಾಗೇ ಮನೆಗೆ ವಾಪಸ್ಸು ಬರುತ್ತಿತ್ತು. ದಿನವೆಲ್ಲ ಊರು ಸುತ್ತುತ್ತಿದ್ದರು ನಿಜ, ಆದರೆ ಸುತ್ತುತ್ತಿದ್ದುದು ಚಕ್ರಗಳು. ಅವರ ಸ್ವಂತ ಕಾಲಿಗೆ ಸಿಗುತ್ತಿದ್ದ ನಡಿಗೆ ಕಾರಿನಿಂದ ಟೀ ಅಂಗಡಿಯವರೆಗೆ ಮಾತ್ರ. ಕೋಪ ಅಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ದನಿ ಕಾರಿನ ಗಾಜು ದಾಟಿ ಫುಟ್‌ಪಾತಿನವರೆಗೂ ಕೇಳುತ್ತಿತ್ತು.

ಅವರ ಅಪ್ಪ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದವರು, ಐವತ್ತು ದಾಟಿದ ಸ್ವಲ್ಪ ದಿನಕ್ಕೇ ಎದೆ ಹಿಡಿದುಕೊಂಡು ಕುಸಿದು, ಮತ್ತೆ ಏಳಲಿಲ್ಲ. ಮೇಷ್ಟ್ರು ಆ ಮಾತನ್ನು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಆದರೆ ಅಪ್ಪನ ವಯಸ್ಸು ಹತ್ತಿರ ಬರುತ್ತಿದ್ದಂತೆ ಒಳಗೊಳಗೇ ಪುಕ್ಕಲಾಗಿದ್ದರು. ಅದನ್ನು ದಾಟಿದ ವರ್ಷ, ಗಂಡಾಂತರ ಕಳೆಯಿತು ಅಂತ ತಮಗೆ ತಾವೇ ತೀರ್ಮಾನ ಮಾಡಿಕೊಂಡು, ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೆಂಡತಿ ಹೇಳಿದ್ದನ್ನು ಕಿವಿ ಮೇಲೇ ಹಾಕಿಕೊಳ್ಳಲಿಲ್ಲ.

ಆ ದಿನ ಸ್ಟೀರಿಂಗ್ ಹಿಡಿದಿದ್ದವರು ಲೈಬ್ರರಿ ಮೇಡಂ. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರುವವರು. ನಲವತ್ತೈದರ ಮೇಲೆ ಕಾರು ಕಲಿಯಲು ಹಟ ಹಿಡಿದು ಬಂದಿದ್ದರು. ಮೆಲ್ಲಗೆ ಮಾತಾಡುವ ಹೆಂಗಸು. ಕಾರನ್ನೂ ಹಾಗೇ ಓಡಿಸುತ್ತಿದ್ದರು, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ. ಬಲಕ್ಕೆ ತಿರುಗಿಸುವುದೆಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ದೊಡ್ಡ ಸರ್ಕಲ್ಲಿನಲ್ಲಿ ಹಸಿರು ದೀಪ ಬಿದ್ದ ಕೂಡಲೇ ಗಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆಫ್. ಹಿಂದಿನಿಂದ ಹಾರ್ನುಗಳ ಮೇಲೆ ಹಾರ್ನು. ಮೇಷ್ಟ್ರು ಬಾಯಿಗೆ ಬಂದದ್ದೆಲ್ಲ ಅಂದರು. ಪುಸ್ತಕಕ್ಕೆ ಬೈಂಡು ಹಾಕುತ್ತಾ ಮನೆಯಲ್ಲಿ ಇರಬಾರದಿತ್ತೇ ಎಂದೂ ಅಂದುಬಿಟ್ಟರು.

ಮಾತು ಪೂರ್ತಿ ಆಚೆ ಬರುವ ಮೊದಲೇ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಬೆಳಗ್ಗೆ ತಿಂದ ಕರಿದದ್ದು ಗ್ಯಾಸ್ ಆಗಿರಬೇಕು ಎಂದುಕೊಂಡರು. ಸೀಟು ಹಿಂದಕ್ಕೆ ಒರಗಿಸಿದರು, ಕಿಟಕಿ ಇಳಿಸಿದರು. ಭಾರ ಇಳಿಯಲಿಲ್ಲ. ಎಡಗೈ ಒಳಗಿನಿಂದ ಜಗ್ಗತೊಡಗಿತು, ದವಡೆ ಬಿಗಿಯಿತು, ಅಂಗಿ ಬೆನ್ನಿಗೆ ಅಂಟಿಕೊಂಡಿತು. ಸರ್ಕಲ್ಲಿನ ಆಚೆ, ಬಲಗಡೆ ರಸ್ತೆಯ ತುದಿಯಲ್ಲಿ ಆಸ್ಪತ್ರೆಯ ಬೋರ್ಡು ಕಾಣುತ್ತಿತ್ತು.

“ಮೇಡಂ, ಬಲಕ್ಕೆ ತಗೊಳ್ಳಿ. ಆಸ್ಪತ್ರೆಗೆ,” ಎಂದರು ಮೇಷ್ಟ್ರು.

“ನನಗೆ ಬಲಕ್ಕೆ ತಿರುಗಿಸೋಕೆ ಬರಲ್ಲ ಸಾರ್.”

“ಇವತ್ತು ಬರುತ್ತೆ.”

ಮೇಡಂ ಹಲ್ಲು ಕಚ್ಚಿ ಗಾಡಿ ಸ್ಟಾರ್ಟ್ ಮಾಡಿ ಗೇರು ಹಾಕಿದರು. ಮೇಷ್ಟ್ರು ತಮ್ಮ ಕಾಲನ್ನು ಬ್ರೇಕಿನ ಮೇಲಿಂದ ಹಿಂದಕ್ಕೆ ಎಳೆದುಕೊಂಡರು. ಆ ಸೀಟಿನಲ್ಲಿ ಕೂತ ಇಷ್ಟು ವರ್ಷದಲ್ಲಿ ಬೇಕೆಂದೇ ಹಾಗೆ ಮಾಡಿದ್ದು ಅದೇ ಮೊದಲು. ಕಾರು ಕುಲುಕಿತು, ಆಫ್ ಆಗಲಿಲ್ಲ. ಎದುರು ಬರುತ್ತಿದ್ದ ಬಸ್ಸೊಂದು ನಿಂತು ದಾರಿ ಬಿಟ್ಟಿತು. ಆಸ್ಪತ್ರೆಯ ಗೇಟಿನ ಕಂಬಕ್ಕೆ ಕಾರಿನ ಕನ್ನಡಿ ತಾಗಿ ಮುರಿಯಿತು. ಅದನ್ನು ಇಬ್ಬರೂ ಗಮನಿಸಲಿಲ್ಲ.

ಹೃದಯಕ್ಕೆ ರಕ್ತ ಹೋಗುವ ಒಂದು ನಾಳ ಮುಚ್ಚಿಕೊಂಡಿತ್ತು. ಅದನ್ನು ಬಿಡಿಸಿ ಸಣ್ಣ ಜಾಲರಿಯ ಕೊಳವೆ ಕೂರಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೆಂಡತಿಗೂ ಮಗಳಿಗೂ ಹೇಳಿದರಂತೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನೇರ ಮಾತಿನ ಹೆಂಗಸು. ಮನೆಗೆ ಕಳಿಸುವ ದಿನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ ಮಾಡಿ. ಸೊಪ್ಪು, ಕಾಳು, ಹಣ್ಣು ತಟ್ಟೆಯ ಮುಕ್ಕಾಲು ಇರಲಿ. ಮೊದಮೊದಲು ಮನೆ ಮುಂದೆ ನಡೆದು, ಮೆಲ್ಲಗೆ ದೂರ ಹೆಚ್ಚಿಸಿ. ಹೊತ್ತಿಗೆ ಸರಿಯಾಗಿ ಮಲಗಿ. ಮಾತ್ರೆಯನ್ನು ನಿಮ್ಮಿಷ್ಟದಂತೆ ನಿಲ್ಲಿಸಬೇಡಿ. ಮೇಷ್ಟ್ರು ಎಲ್ಲಕ್ಕೂ ತಲೆಯಾಡಿಸಿದರು. ಡಾಕ್ಟರು ಏಳುವ ಮೊದಲು ಒಂದು ಮಾತು ಸೇರಿಸಿದರು. “ಉಳಿದಿದ್ದೆಲ್ಲ ನಿಧಾನಕ್ಕೆ ಬದಲಾಯಿಸಿ, ನಾನು ಕಾಯ್ತೀನಿ. ಸಿಗರೇಟು ಮಾತ್ರ ಇವತ್ತಿಂದಲೇ ಇಲ್ಲ.”

ಮನೆಗೆ ಬಂದ ಮೇಷ್ಟ್ರಿಗೆ ಹೊಸ ಕೆಲಸವೊಂದು ಸಿಕ್ಕಿತು, ತಮ್ಮ ಎದೆಯನ್ನು ಕಾಯುವ ಕೆಲಸ. ಕುರ್ಚಿಯಲ್ಲಿ ಕೂತು ಎಡಗೈ ಮಣಿಕಟ್ಟಿನ ಮೇಲೆ ಬಲಗೈ ಬೆರಳಿಟ್ಟು ಗೋಡೆ ಗಡಿಯಾರ ನೋಡುತ್ತಿದ್ದರು. ನಾಡಿ ಸರಿಯಾಗಿ ಬಡಿದರೂ, ಇಷ್ಟು ಸರಿಯಾಗಿ ಯಾಕೆ ಬಡಿಯುತ್ತಿದೆ ಎಂಬ ಅನುಮಾನ. ಒಂದು ಬಡಿತ ತಪ್ಪಿದ ಹಾಗೆ ಅನಿಸಿದರೆ ಮುಗಿಯಿತು, ಕೈಕಾಲು ತಣ್ಣಗಾಗುತ್ತಿತ್ತು. ಬೀಪಿ ನೋಡುವ ಮೆಷಿನ್ನು ತರಿಸಿದರು. ಅದನ್ನು ಊಟಕ್ಕೆ ಮೊದಲು ಕಟ್ಟಿಕೊಂಡರು, ಊಟವಾದ ಮೇಲೆ ಕಟ್ಟಿಕೊಂಡರು, ಫೋನು ಬಂದರೆ ಕಟ್ಟಿಕೊಂಡರು, ಬರದಿದ್ದರೂ ಕಟ್ಟಿಕೊಂಡರು. ನೋಡಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಅದರಲ್ಲಿ ಅಂಕಿ ಮೇಲಕ್ಕೆ.

ಅಡುಗೆಮನೆಗೂ ಕೈ ಹಾಕಿದರು. ಉಪ್ಪಿನ ಡಬ್ಬಿಯನ್ನು ಬೀರುವಿನ ಮೇಲಕ್ಕೆ ಏರಿಸಿದರು. ಎಣ್ಣೆ ಸುರಿಯುವಾಗ ಹೆಂಡತಿಯ ಭುಜದ ಹಿಂದೆ ನಿಂತು, ಸಾಕು, ಸಾಕು, ಅಯ್ಯೋ ಸಾಕು ಎನ್ನುತ್ತಿದ್ದರು. ಹೆಂಡತಿ ಬಟ್ಟೆ ಹೊಲಿಯುವವರು, ಹಿಂದಿನ ಕೋಣೆಯ ಕಿಟಕಿಯ ಪಕ್ಕ ಮೆಷಿನ್ನು ಹಾಕಿಕೊಂಡು ಕತ್ತಲಾಗುವವರೆಗೆ ಕೂರುತ್ತಿದ್ದರು. ಆ ಮೆಷಿನ್ನಿನ ಸದ್ದು ಎದೆಗೆ ಬಡಿಯುತ್ತೆ ಎಂದು ಮೇಷ್ಟ್ರು ಗೊಣಗಿದರು. ಆಯಮ್ಮ ಎದ್ದು ಬಾಗಿಲು ಮುಚ್ಚಿಕೊಂಡು, ಸೆಖೆಯಲ್ಲೇ ಹೊಲಿದರು.

ಗಂಡನಿಗೆ ಮಾಡಿದ ಸಪ್ಪೆ ಅಡುಗೆ ಆಕೆಯ ಗಂಟಲಿಗೆ ಇಳಿಯುತ್ತಿರಲಿಲ್ಲ. ಎಲ್ಲರದ್ದೂ ಆದ ಮೇಲೆ ಒಬ್ಬರೇ ಕೂತು, ಉಪ್ಪಿನಕಾಯಿ ಜಾಡಿ ಪಕ್ಕಕ್ಕೆಳೆದುಕೊಂಡು ಉಣ್ಣುತ್ತಿದ್ದರು. ಮನೆಯಲ್ಲಿದ್ದ ಕರಿದ ಪದಾರ್ಥ ಹಾಳಾಗಬಾರದೆಂದು ಅದನ್ನೂ ಅವರೇ ಮುಗಿಸಿದರು. ರಾತ್ರಿ ಗಂಡನ ಉಸಿರು ಕೇಳುತ್ತಿದೆಯೇ ಎಂದು ಆಗಾಗ ಏಳುವುದರಲ್ಲಿ ನಿದ್ದೆ ಅರ್ಧವಾಗಿತ್ತು. ಬೆಳಗ್ಗೆ ಹಿಂದಲೆ ನೋಯುತ್ತಿತ್ತು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಸೋತಿರಬೇಕು ಎಂದುಕೊಂಡು, ಹಣೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಆ ಕಟ್ಟು ಮೇಷ್ಟ್ರ ಕಣ್ಣಿಗೆ ಬೀಳುತ್ತಿತ್ತು. ಏನಾಯಿತು ಎಂದು ಕೇಳುವಷ್ಟರಲ್ಲಿ ಕೈ ತಮ್ಮ ಮಣಿಕಟ್ಟಿಗೇ ಹೋಗುತ್ತಿತ್ತು.

ನಡಿಗೆಯದ್ದು ಇನ್ನೊಂದು ಕಥೆ. ಮೆಲ್ಲಗೆ ಶುರು ಮಾಡಿ ಎಂದು ಡಾಕ್ಟರು ಹೇಳಿದ್ದರೂ ಮೇಷ್ಟ್ರಿಗೆ ಮೆಲ್ಲಗೆ ಎಂಬುದರ ಅಳತೆ ಗೊತ್ತಿರಲಿಲ್ಲ. ಬೀದಿಯಲ್ಲಿ ಬಿರಬಿರನೆ ಹೋಗಿ, ಥಟ್ಟನೆ ನಿಂತು, ನಾಡಿ ನೋಡಿಕೊಂಡು, ಮತ್ತೆ ಬಿರಬಿರನೆ ಹೊರಡುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಒಂದು ದಿನ ಜೊತೆಗೆ ಹೋಗಿ, ಅರ್ಧ ದಾರಿಗೇ ಸುಸ್ತಾಗಿ ಬಂದಳು. “ಅಪ್ಪ, ಇದು ವಾಕಿಂಗ್ ಅಲ್ಲ. ಯಾರೋ ಅಟ್ಟಿಸ್ಕೊಂಡು ಬರ್ತಿದಾರೆ ಅನ್ನೋ ಹಾಗಿದೆ,” ಎಂದಳು. ಮೇಷ್ಟ್ರು ನಗಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು. ಬೇಕರಿಯ ಒಲೆಯ ಮುಂದೆ ಬಿದ್ದ ಅಪ್ಪನ ಮುಖ ಅವರ ಬೆನ್ನು ಬಿಟ್ಟಿರಲಿಲ್ಲ.

ಹೀಗೇ ಒಂದು ಸಂಜೆ ನಡೆಯುತ್ತಾ ಹೋದವರ ಕಾಲು ಮೂಲೆ ಅಂಗಡಿಯ ಮುಂದೆ ತಾನಾಗಿ ನಿಂತಿತು. ಅಂಗಡಿಯವನು ಹುಷಾರಾದಿರಾ ಎಂದು ವಿಚಾರಿಸುತ್ತಲೇ, ಹಳೇ ಅಭ್ಯಾಸದಲ್ಲಿ ಅವರ ಬ್ರ್ಯಾಂಡಿನ ಸಿಗರೇಟನ್ನು ಮುಂದಕ್ಕಿಟ್ಟ. ಮೇಷ್ಟ್ರು ಬೇಡ ಅನ್ನಬೇಕೆಂದು ಬಾಯಿ ತೆರೆದರು. ಕೈ ಅಷ್ಟರಲ್ಲಿ ತೆಗೆದುಕೊಂಡಾಗಿತ್ತು. ಅರ್ಧ ಸೇದುವಷ್ಟರಲ್ಲಿ ತಲೆ ಸುತ್ತಿದ ಹಾಗಾಗಿ ಎದೆ ಡವಡವ ಹೊಡೆದುಕೊಂಡಿತು. ಹೊಸಕಿ ಹಾಕಿ, ಮನೆಗೆ ಹೋಗಿ ಹಲ್ಲುಜ್ಜಿದರು. ಹೆಂಡತಿ ಹತ್ತಿರ ಬಂದು, ಕೋಣೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ತೆರೆದರು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಿತ್ತು. ಮಾರನೇ ದಿನ ತಾವೇ ಡಾಕ್ಟರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡರು. ಒಂದು ಸಲ ಜಾರಿದ್ದಕ್ಕೆ ಎಲ್ಲ ಕೈಬಿಟ್ಟು ಕೂರಬೇಡಿ ಎಂದು ಹೇಳಿ, ಆಸೆಯಾದಾಗ ಅಗಿಯಲು ಔಷಧಿಯ ಗಮ್ ಬರೆದುಕೊಟ್ಟರು ಡಾಕ್ಟರು, ಆ ಅಂಗಡಿಯ ದಾರಿಯನ್ನೇ ಬಿಡಿ ಎಂದರು. ದಾರಿ ಬದಲಾಯಿತು. ಹೊಸ ದಾರಿ ಗ್ರಂಥಾಲಯದ ಕಡೆಗೆ ಹೋಗುತ್ತಿತ್ತು.

ಲೈಬ್ರರಿ ಮೇಡಂ ಆ ದಿನದ ನಂತರ ಪಾಠಕ್ಕೆ ಬಂದೇ ಇಲ್ಲ ಎಂದು, ಈಗ ಪಾಠ ನೋಡಿಕೊಳ್ಳುತ್ತಿದ್ದ ಡ್ರೈವಿಂಗ್ ಸ್ಕೂಲಿನ ಯಜಮಾನರು ಫೋನಿನಲ್ಲಿ ಹೇಳಿದ್ದರು. ಮೇಷ್ಟ್ರು ಎರಡು ದಿನ ಗ್ರಂಥಾಲಯದ ಗೇಟಿನವರೆಗೆ ಹೋಗಿ ಹಾಗೇ ತಿರುಗಿ ಬಂದರು. ಮೂರನೆಯ ದಿನ ಒಳಗೆ ಹೋದರು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ಮೇಡಂ, ಓದುಗರು ಹಿಂತಿರುಗಿಸಿದ ಪುಸ್ತಕಗಳನ್ನು ಕಪಾಟಿಗೆ ಜೋಡಿಸುತ್ತಿದ್ದರು. ಮೇಷ್ಟ್ರನ್ನು ಕಂಡು ಕೈಯಲ್ಲಿದ್ದ ಪುಸ್ತಕವನ್ನು ತಪ್ಪು ಜಾಗಕ್ಕೆ ಸೇರಿಸಿದರು. ಹೇಗಿದ್ದೀರಿ ಎಂಬ ಮಾತೆಲ್ಲ ಮುಗಿದ ಮೇಲೆ, ಮತ್ತೆ ಯಾಕೆ ಬರಲಿಲ್ಲ ಎಂದು ಮೇಷ್ಟ್ರು ಕೇಳಿದರು.

“ನನ್ನಿಂದಲೇ ಆಗಿದ್ದು ಅಂತ ದಿನಾ ಅನಿಸುತ್ತೆ ಸಾರ್. ಗಾಡಿ ಆಫ್ ಮಾಡಿ ಮಾಡಿ ನಿಮ್ಮ ಎದೆನೇ ಆಫ್ ಮಾಡಿಬಿಡ್ತಿದ್ದೆ.”

ಮೇಷ್ಟ್ರು ಕಪಾಟಿನ ಅಂಚು ಹಿಡಿದುಕೊಂಡರು. “ಒಂದು ದಿನದಲ್ಲಿ ಹಾಳಾಗಿದ್ದಲ್ಲ ಅದು ಮೇಡಂ. ವರ್ಷಗಟ್ಟಲೆ ಕೂತು ನಾನೇ ಮಾಡ್ಕೊಂಡಿದ್ದು. ಅದರಲ್ಲಿ ನಿಮಗೆ ಪಾಲಿಲ್ಲ. ನೀವು ಮಾಡಿದ್ದು ಬಲಕ್ಕೆ ತಿರುಗಿಸಿದ್ದು, ಅಷ್ಟೇ,” ಎಂದರು. ಆಮೇಲೆ, ಅವತ್ತು ಬೈಂಡು ಗಿಂಡು ಅಂತ ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಬೈಂಡಿನ ಕೆಲಸ ಸುಲಭ ಅಂದುಕೊಂಡಿದ್ದೀರಾ ಎಂದು ಮೇಡಂ ಮೆಲ್ಲಗೆ ನಕ್ಕರು. ಮುಂದಿನ ವಾರದಿಂದ ಬರುತ್ತೇನೆ ಎಂದೂ ಹೇಳಿದರು.

ಆ ವಾರವೇ ಮೇಷ್ಟ್ರು ಬೀಪಿ ಮೆಷಿನ್ನಿನ ಮೇಲೆ ಕೋಪ ಮಾಡಿಕೊಂಡು ಕೂತಿದ್ದರು. ಗಳಿಗೆಗೊಂದು ಅಂಕಿ ತೋರಿಸುತ್ತೆ, ಕೆಟ್ಟಿದೆ ಎಂಬುದು ಅವರ ವಾದ. ತಪಾಸಣೆಗೆ ಹೋಗುವ ದಿನ ಅದನ್ನು ಚೀಲದಲ್ಲಿಟ್ಟುಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊರಟರು. ಮೆಟ್ಟಿಲು ಹತ್ತುವಾಗ ಹೆಂಡತಿ ಕಂಬಿ ಹಿಡಿದು ನಿಂತಿದ್ದು ಅವರಿಗೆ ಗೊತ್ತಾಗಲಿಲ್ಲ. ಅವರು ಆಗಲೇ ಮೇಲೆ ಹೋಗಿ ನರ್ಸಿನ ಮುಂದೆ ಮೆಷಿನ್ನು ಬಿಚ್ಚಿಡುತ್ತಿದ್ದರು. ನರ್ಸಮ್ಮ ಇಂಥವರನ್ನು ಬೇಕಾದಷ್ಟು ಕಂಡವರು. ನಿಮಗೆ ಕಟ್ಟಿದರೆ ನೀವೇ ಗಾಬರಿಯಾಗಿ ಏರಿಸಿಕೊಳ್ಳುತ್ತೀರಿ, ಮೊದಲು ಅಮ್ಮನ ಕೈಗೆ ಕಟ್ಟಿ ನೋಡೋಣ ಎಂದು, ಹೆಂಡತಿಯನ್ನು ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ ಮನೆಯ ಮೆಷಿನ್ನನ್ನು ಕಟ್ಟಿದರು. ಅಂಕಿ ಬಂತು. ನರ್ಸಮ್ಮ ಆಸ್ಪತ್ರೆಯ ಮೆಷಿನ್ನನ್ನು ಕಟ್ಟಿದರು. ಅದೇ ಅಂಕಿ, ಸ್ವಲ್ಪ ಹೆಚ್ಚೇ.

ನೋಡಿದಿರಾ, ಎರಡೂ ಕೆಟ್ಟಿದೆ ಎಂದರು ಮೇಷ್ಟ್ರು.

“ಮೆಷಿನ್ನು ಸರಿಯಾಗೇ ಇದೆ,” ಎಂದರು ನರ್ಸಮ್ಮ. “ಅಮ್ಮನಿಗೆ ಬೀಪಿ ಇದೆ. ಜಾಸ್ತಿನೇ ಇದೆ. ಯಾವತ್ತೂ ನೋಡಿಸಿಲ್ವಾ?”

ನೋಡಿಸಿರಲಿಲ್ಲ. ದಿನಕ್ಕೆ ಹತ್ತಾರು ಸಲ ಆ ಪಟ್ಟಿ ಮನೆಯಲ್ಲಿ ಬಿಚ್ಚಿ ಕಟ್ಟಿದ್ದಾಗಿತ್ತು, ಒಂದು ಸಲವೂ ಅದು ಇನ್ನೊಂದು ಕೈಗೆ ಹೋಗಿರಲಿಲ್ಲ. ಡಾಕ್ಟರು ಕರೆದು ವಿಚಾರಿಸಿದಾಗ ಹಿಂದಲೆ ನೋವು, ನಿದ್ದೆ ಇಲ್ಲದ್ದು, ಉಪ್ಪಿನಕಾಯಿ, ಕೂತಲ್ಲೇ ಕೂತು ಹೊಲಿಯುವುದು, ಎಲ್ಲ ಒಂದೊಂದಾಗಿ ಆಚೆ ಬಂತು. ಹೆಂಡತಿ ಬೇರೆ ಯಾರದೋ ವಿಷಯ ಹೇಳುವಷ್ಟು ನಿರಾಳವಾಗಿ ಹೇಳುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳಿದರು. ಒಂದೇ ಮನೆಯಲ್ಲಿದ್ದುಕೊಂಡು ಇಷ್ಟನ್ನೂ ತಾವು ಇದೇ ಕುರ್ಚಿಯಲ್ಲಿ ಮೊದಲ ಸಲ ಕೇಳುತ್ತಿದ್ದೇವೆ ಎಂಬುದು ಅವರನ್ನು ಒಳಗೊಳಗೇ ಕೊರೆಯಿತು. ಎರಡು ವಾರ ಮನೆಯಲ್ಲಿ ಬೆಳಗ್ಗೆ ಸಂಜೆ ನೋಡಿ, ಆಗಲೂ ಇಳಿಯದಿದ್ದರೆ ಮಾತ್ರೆ ಎಂದರು ಡಾಕ್ಟರು. ಇಳಿಯಲಿಲ್ಲ. ಮಾತ್ರೆ ಶುರುವಾಯಿತು.

ಮೇಷ್ಟ್ರ ಚಡಪಡಿಕೆ ಈಗ ಹೆಂಡತಿಯ ಮೇಲೆ ತಿರುಗಿತು. ಮಾತ್ರೆ ತಗೊಂಡೆಯಾ, ಅದ್ಯಾಕೆ ಉಪ್ಪು ಮುಟ್ಟಿದೆ, ಏಳು, ಕೂತಿದ್ದು ಸಾಕು, ಕೈ ಬೀಸಿ ನಡಿ, ಬಾಗಬೇಡ. ಸಂಜೆ ಇಬ್ಬರೂ ಹೊರಟರೆ ಮೇಷ್ಟ್ರು ನಾಲ್ಕು ಮಾರು ಮುಂದೆ ಹೋಗಿ ತಿರುಗಿ ನಿಂತು, ಬಾ, ಬಾ, ಎಡಕ್ಕೆ ಬಾ, ಗುಂಡಿ ಇದೆ ನೋಡು ಎನ್ನುತ್ತಿದ್ದರು. ನಾಲ್ಕನೆಯ ಸಂಜೆಯೋ ಐದನೆಯದೋ, ಪಾರ್ಕಿನ ಬೇಲಿಯ ಹತ್ತಿರ ಹೆಂಡತಿ ನಿಂತುಬಿಟ್ಟರು.

“ಏನ್ರೀ, ನಾನೇನು ನಿಮ್ಮ ಹತ್ರ ಕಾರು ಕಲಿಯೋಕೆ ಬಂದಿದೀನಾ?” ಎಂದರು. ದನಿ ಏರಿಸಲಿಲ್ಲ. “ನೀವು ಆಸ್ಪತ್ರೇಲಿ ಮಲಗಿದ್ದಾಗಿಂದ ನನ್ನ ಜೀವ ನನ್ನ ಹತ್ರ ಇಲ್ಲ. ನೀವು ನಿಮ್ಮ ನಾಡಿ ನೋಡ್ಕೋತೀರಿ, ನಾನು ನಿಮ್ಮ ಮುಖ ನೋಡ್ತೀನಿ. ಈಗ ನಡೀಬೇಕು ಅಂದ್ರೆ ನಡೀತೀನಿ. ಹೇಳೋದು ನಿಲ್ಲಿಸಿ. ಜೊತೇಲಿ ಬನ್ನಿ ಸಾಕು.”

ಮೇಷ್ಟ್ರಿಗೆ ಏನಾದರೂ ಹೇಳಬೇಕು ಅನಿಸಿತು, ಹೇಳುವುದೇ ತಪ್ಪು ಎಂದು ಈಗಷ್ಟೇ ಕೇಳಿಸಿಕೊಂಡಿದ್ದರು. ಹೆಂಡತಿ ಹೊರಟರು. ಇವರೂ ಹೊರಟರು. ಪಕ್ಕದಲ್ಲಿ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುವುದು ಎಂಥ ಕಷ್ಟದ ಕೆಲಸ ಎಂದು ಆಗ ಗೊತ್ತಾಯಿತು. ಹೆಂಡತಿ ದಾರಿಯಲ್ಲಿ ಕಂಡವರ ಜೊತೆ ನಿಂತು ತೋಳಿನ ಅಳತೆ, ಕಾಲರಿನ ಅಳತೆ ಎಂದು ಮಾತಿಗೆ ಇಳಿಯುತ್ತಿದ್ದರು. ಮೇಷ್ಟ್ರು ತುದಿಗಾಲ ಮೇಲೆ ಏರಿಳಿಯುತ್ತಿದ್ದರು. ಕೆಮ್ಮುತ್ತಿದ್ದರು, ಚಪ್ಪಲಿಯಿಂದ ಕಲ್ಲು ತಳ್ಳುತ್ತಿದ್ದರು, ಮರದ ಮೇಲೆ ಏನಿದೆ ಎಂದು ಕತ್ತೆತ್ತುತ್ತಿದ್ದರು. ಬಾ ಎಂದು ಮಾತ್ರ ಅನ್ನಲಿಲ್ಲ.

ಮನೆಯ ಊಟ ಒಂದೇ ಆಯಿತು. ಉಪ್ಪಿನ ಡಬ್ಬಿ ಬೀರುವಿನಿಂದ ಇಳಿದು ಬಂತು. ಅದನ್ನು ಬಚ್ಚಿಡುವುದರ ಬದಲು ಮಗಳೇ ಅಡುಗೆಗೆ ನಿಂತು ಬೆಳ್ಳುಳ್ಳಿ, ಮೆಣಸು, ನಿಂಬೆರಸ ಹಾಕಿ ಸಪ್ಪೆಯನ್ನು ಮುಚ್ಚುವ ಉಪಾಯ ಕಲಿತಳು. ಮೊದಮೊದಲು ಮೂವರೂ ಮುಖ ಕಿವಿಚುತ್ತಲೇ ಉಂಡರು. ಆಮೇಲೆ ನಾಲಿಗೆ ಒಗ್ಗಿತು. ಹೊಲಿಗೆಯ ನಡುವೆ ಆಗಾಗ ಎದ್ದು ಓಡಾಡುವುದು ಹೆಂಡತಿಗೆ ರೂಢಿಯಾಯಿತು. ಬಾಗಿಲನ್ನು ಈಗ ಮುಚ್ಚುತ್ತಿರಲಿಲ್ಲ. ಒಂದೆರಡು ತಿಂಗಳಾದ ಮೇಲೆ ಅವರ ಬೀಪಿ ಹತೋಟಿಗೆ ಬಂತು. ಮಾತ್ರೆ ಮುಂದುವರಿಯಿತು.

ಮೇಷ್ಟ್ರಿಗೆ ಸಂಪೂರ್ಣ ನೆಮ್ಮದಿ ಬಂತೇ ಎಂದರೆ, ಇಲ್ಲ. ಒಮ್ಮೊಮ್ಮೆ ಯಾವ ಕಾರಣವೂ ಇಲ್ಲದೆ ಎದೆ ಧಸಕ್ಕೆನ್ನುತ್ತದೆ, ಬೆವರು ಒಡೆಯುತ್ತದೆ. ಆಗ ಹೆಂಡತಿಯ ಹತ್ತಿರ ಹೋಗಿ, ಹೆದರಿಕೆ ಆಗ್ತಿದೆ ಕಣೇ ಎನ್ನುತ್ತಾರೆ. ಈ ಮಾತನ್ನು ಅವರು ಮೊದಲು ಯಾವತ್ತೂ ಅಂದವರಲ್ಲ. ಇದನ್ನೂ ಡಾಕ್ಟರಿಗೆ ಹೇಳಿ ಎಂದು ಹೆಂಡತಿಯೇ ಕರೆದುಕೊಂಡು ಹೋದರು. ಇಂಥ ಕಾಯಿಲೆ ಆದವರಲ್ಲಿ ಇದು ಬಹಳ ಜನಕ್ಕೆ ಇರುತ್ತದೆ, ಮುಚ್ಚಿಡುವುದೇ ಕೆಟ್ಟದ್ದು ಎಂದು ಡಾಕ್ಟರು ಧೈರ್ಯ ತುಂಬಿದರು.

ಡಾಕ್ಟರು ಒಪ್ಪಿದ ಮೇಲೆ ಮೇಷ್ಟ್ರು ಕೆಲಸಕ್ಕೆ ಮರಳಿದರು, ಮೊದಲಿನ ಅರ್ಧದಷ್ಟು ಪಾಠಕ್ಕೆ. ಲೈಬ್ರರಿ ಮೇಡಂ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಎರಡನೆಯ ಸಲ ಲೈಸೆನ್ಸು ತೆಗೆದುಕೊಂಡರು. ಈಚೆಗೆ ಹೊಸದಾಗಿ ಸೇರಿದ ಒಬ್ಬ ತರಕಾರಿ ವ್ಯಾಪಾರಿ ಪಾಠದ ಮೊದಲ ದಿನವೇ ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಿದ. ಮೇಷ್ಟ್ರ ಬಾಯಿ ತೆರೆಯಿತು, ಮುಖ ಕೆಂಪಾಯಿತು. ಬಾಗಿಲು ತೆಗೆದುಕೊಂಡು ಕೆಳಗಿಳಿದು, ಕಾರಿನ ಸುತ್ತ ಒಂದು ಸುತ್ತು ನಿಧಾನವಾಗಿ ನಡೆದು ಬಂದು ಮತ್ತೆ ಕೂತರು. ಟೈರಿಗೆ ಏನಾದರೂ ಆಗಿದೆಯಾ ಸಾರ್ ಎಂದು ವ್ಯಾಪಾರಿ ಭಯದಿಂದ ಕೇಳಿದ.

“ಏನೂ ಆಗಿಲ್ಲ,” ಎಂದರು ಮೇಷ್ಟ್ರು. “ರಿವರ್ಸ್ ಹಾಕು. ನಿಧಾನಕ್ಕೆ.”